ರಾಜ್ಯೋತ್ಸವಕ್ಕೆ ಬಡಾವಣೆಯ ಗಾಯನ ತಂಡ ರೆಡಿ ಮಾಡೋದು ಹೇಗೆ

ನವೆಂಬರ್ 1ಕ್ಕೆ ಹಾಡ್ಬೇಕು ಅಂದ್ರೆ ಸೆಪ್ಟೆಂಬರ್ ಮೊದಲ ವಾರಾನೇ ಪ್ರಾಕ್ಟೀಸ್ ಶುರು ಮಾಡಿ, ಮಧ್ಯ ದಸರಾ ಬರುತ್ತೆ, ಅರ್ಧ ಜನ ಊರಿಗೆ ಹೋಗ್ಬಿಡ್ತಾರೆ. ಹಾಡು ಐದು ಸಾಕು. ನಾಡಗೀತೆ, ಎರಡು ಭಾವಗೀತೆ, ಒಂದು ಜನಪದ, ಒಂದು ವಚನ ಅಥವಾ ದಾಸರ ಪದ. ನಾಡಗೀತೆಗೆ ಮಾತ್ರ ನಮ್ಮಿಷ್ಟದ ರಾಗ ಬೇಡ, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿ ಫಿಕ್ಸ್ ಮಾಡಿದೆ, 2 ನಿಮಿಷ 30 ಸೆಕೆಂಡಲ್ಲಿ ಮುಗೀಬೇಕು, ಹಾಗಾಗಿ ಮೊಬೈಲಲ್ಲಿ ಟೈಮ್ ಇಟ್ಕೊಂಡೇ ಹಾಡಿ.

ಎಲ್ರೂ ಎಡವೋದು ಶ್ರುತೀಲಿ, ಅಂದ್ರೆ ಹಾಡಿಗೆ ಆಧಾರವಾಗಿ ಇಟ್ಕೊಳ್ಳೋ ಸ್ವರದಲ್ಲಿ. ಗಂಡಸರಿಗೆ ಹಾರ್ಮೋನಿಯಂನ ಸಿ, ಸಿ ಶಾರ್ಪ್ ಕೀ ಹಿತ, ಹೆಂಗಸರಿಗೆ ಜಿ ಆಸುಪಾಸು. ನಾವು ಒಂದ್ಸಲ ಜಿ ಇಟ್ಕೊಂಡು ಶುರು ಮಾಡಿದ್ವಿ, ಚರಣದಲ್ಲಿ ಮೇಲಿನ ಷಡ್ಜ, ಅಂದ್ರೆ ಎತ್ತರದ 'ಸ' ಬಂದಾಗ ಹಿಂದಿನ ಸಾಲಿನ ಗಂಡಸ್ರೆಲ್ಲ ಸುಮ್ನಾಗ್ಬಿಟ್ರು, ತುಂಬಾ ಬೇಜಾರಾಯ್ತು. ಈಗ ಹಾಡಿನ ಅತಿ ಎತ್ತರದ ಸಾಲನ್ನೇ ಮೊದಲು ಎಲ್ರ ಕೈಲೂ ಹಾಡಿಸ್ತೀವಿ, ಯಾರಾದ್ರೂ ಕತ್ತು ಎತ್ತಿ ಕಣ್ಣು ಮುಚ್ಕೊಂಡು ಎಳೀತಿದ್ರೆ ಹಾರ್ಮೋನಿಯಂನಲ್ಲಿ ಒಂದು ಕೀ ಇಳಿಸ್ತೀವಿ, ಆಗ್ಲೂ ಬರ್ಲಿಲ್ಲ ಅಂದ್ರೆ ಆ ಸಾಲು ಹೆಂಗಸರಿಗೇ ಬಿಟ್ಟು ಪಲ್ಲವೀಲಿ ಎಲ್ರೂ ಸೇರ್ಕೋತೀವಿ.

ಉಸಿರು ಎಲ್ಲಿ ತಗೋಬೇಕು ಅಂತ ಸಾಹಿತ್ಯದ ಹಾಳೇಲಿ ಪೆನ್ಸಿಲಲ್ಲಿ ಗೆರೆ ಹಾಕಿ. ಸಾಲಿನ ಕೊನೆ ಅಕ್ಷರಾನ ಎಲ್ರೂ ಒಟ್ಟಿಗೆ ಬಿಡ್ಬೇಕು, ಅದೊಂದು ಕೂಡಿ ಬಂದ್ರೆ ಇಪ್ಪತ್ತು ಜನ ಒಂದೇ ದನಿ ಥರ ಕೇಳುತ್ತೆ, ಅದಕ್ಕೇ ನಾನು ಅರ್ಧ ಪ್ರಾಕ್ಟೀಸು ಬರೀ ಕೊನೆ ಅಕ್ಷರಕ್ಕೇ ಇಡ್ತೀನಿ. ಮೈಕು ಸ್ಟ್ಯಾಂಡಲ್ಲೇ ಇರ್ಲಿ, ಕೈಗೆ ಕೊಡ್ಬೇಡಿ.