ಕಥನಚಿತ್ರವನ್ನು ಓದುವುದು ಹೇಗೆ? ಮೊದಲು ಬೆಳಕಿನ ಮೂಲವನ್ನು ಹುಡುಕಿ

ಕಥನಚಿತ್ರದ, ಅಂದರೆ ಒಂದು ಘಟನೆಯನ್ನು ಕಥೆಯಂತೆ ಹೇಳುವ ವರ್ಣಚಿತ್ರದ, ಮುಂದೆ ನಿಂತವರಲ್ಲಿ ಹೆಚ್ಚಿನವರು ಪಕ್ಕದ ಫಲಕವನ್ನು ಓದಿ, ಅಲ್ಲಿ ಬರೆದದ್ದನ್ನು ಚಿತ್ರದಲ್ಲಿ ಗುರುತಿಸಿ ಮುಂದೆ ನಡೆದುಬಿಡುತ್ತಾರೆ. ಇನ್ನು ಕೆಲವರು ತಲೆಬುರುಡೆ ಕಂಡೊಡನೆ ‘ಇದು ಸಾವಿನ ಸಂಕೇತ’ ಎಂದು ತೀರ್ಮಾನಿಸುತ್ತಾರೆ. ಇವೆರಡರಲ್ಲೂ ನೋಡುವ ಕೆಲಸವೇ ತಪ್ಪಿಹೋಗುತ್ತದೆ. ಇಂಗ್ಲೆಂಡಿನ ಡರ್ಬಿ ಊರಿನ ಜೋಸೆಫ್ ರೈಟ್ 1768ರಲ್ಲಿ ರಚಿಸಿದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ‘ಗಾಳಿ ಪಂಪಿನಲ್ಲಿ ಹಕ್ಕಿಯ ಮೇಲಿನ ಪ್ರಯೋಗ’ ಎಂಬ ತೈಲಚಿತ್ರವನ್ನು ಎದುರಿಗಿಟ್ಟುಕೊಂಡು ಸರಿಯಾದ ಕ್ರಮವನ್ನು ನೋಡೋಣ.

ಮೊದಲ ಹಂತ: ನಡೆಯುತ್ತಿರುವುದನ್ನು ಒಂದೇ ವಾಕ್ಯದಲ್ಲಿ ಹೇಳಿಕೊಳ್ಳಿ. ರಾತ್ರಿಯ ಹೊತ್ತು, ಉಪನ್ಯಾಸಕನೊಬ್ಬ ಗಾಜಿನ ಗೋಳದಿಂದ ಗಾಳಿಯನ್ನು ಹೊರತೆಗೆದಿದ್ದಾನೆ, ಒಳಗಿರುವ ಬಿಳಿ ಕಾಕಟೂ (ಗಿಳಿಯ ಜಾತಿಯ ಹಕ್ಕಿ) ಸಾಯುವ ಸ್ಥಿತಿಯಲ್ಲಿದೆ.

ಎರಡನೆಯ ಹಂತ ಬೆಳಕು. ಎಲ್ಲರೂ ಅವಸರಪಡುವುದು ಇಲ್ಲಿಯೇ. ಮೇಜಿನ ಮೇಲೆ ಮಸುಕಾದ ದ್ರವ ತುಂಬಿದ ಗಾಜಿನ ಪಾತ್ರೆಯೊಂದಿದೆ. ಅದರೊಳಗಿನ ವಸ್ತುವನ್ನು ತಲೆಬುರುಡೆಯೆಂದು ಹಲವರು ಗುರುತಿಸುತ್ತಾರೆ. ಮೇಣದ ಬತ್ತಿ ಅದರ ಹಿಂದೆ ಅಡಗಿದೆ. ಆ ಪಾತ್ರೆಯಿಂದ ಹೊರಟು ಒಂದೊಂದೇ ಮುಖಕ್ಕೆ ಹೋಗಿ, ಬೆಳಕು ಕೆನ್ನೆಗೆ ತಾಗಿದೆಯೇ, ಗಲ್ಲದ ಕೆಳಗಿನಿಂದ ಏರಿದೆಯೇ, ಅರ್ಧಕ್ಕೇ ನಿಂತಿದೆಯೇ ಎಂದು ಗಮನಿಸಿ. ಇಬ್ಬರು ಬಾಲಕಿಯರ ಮೇಲೆ ಬೆಳಕು ಧಾರಾಳವಾಗಿ ಬಿದ್ದಿದೆ. ಆದರೆ ದೊಡ್ಡವಳು ಕೈಯಿಂದ ಕಣ್ಣು ಮುಚ್ಚಿಕೊಂಡಿದ್ದಾಳೆ. ಯುರೋಪಿನ ಚಿತ್ರಕಲೆಯಲ್ಲಿ ಇಂಥ ಬತ್ತಿಯ ಬೆಳಕು ಬಹುಕಾಲ ಕ್ರಿಸ್ತಜನನದಂಥ ಧಾರ್ಮಿಕ ದೃಶ್ಯಗಳ ಸುತ್ತ ಹರಡುತ್ತಿತ್ತು. ರೈಟ್ ಅದನ್ನು ತಂದು ವಿಜ್ಞಾನದ ಮೇಜಿನ ಮೇಲಿಟ್ಟನು. ಬಲಗಡೆಯ ಕಿಟಕಿಯಲ್ಲಿ ಮೋಡದ ನಡುವೆ ಚಂದ್ರನಿದ್ದಾನೆ. ಅವನ ತಣ್ಣನೆಯ ಬೆಳಕನ್ನು ಪ್ರತ್ಯೇಕವಾಗಿ ಗುರುತಿಸಿಕೊಳ್ಳಿ, ಕೊನೆಗೆ ಬೇಕಾಗುತ್ತದೆ. ನೆರಳನ್ನೆಲ್ಲ ತಿಳಿಗೊಳಿಸಿದ ಅಗ್ಗದ ಮುದ್ರಿತ ಪ್ರತಿಗಳಲ್ಲಿ ಇದ್ಯಾವುದೂ ಕಾಣದು; ಅವುಗಳನ್ನು ಕೊಳ್ಳಲೇಬೇಡಿ. ಗ್ಯಾಲರಿಯ ಜಾಲತಾಣದಲ್ಲಿರುವ ಚಿತ್ರವನ್ನು ಕತ್ತಲೆ ಕೋಣೆಯಲ್ಲಿ, ದೊಡ್ಡ ಪರದೆಯ ಮೇಲೆ ನೋಡಿ.

ಮೂರನೆಯ ಹಂತದಲ್ಲಿ ಹತ್ತೂ ಜನರ ದೃಷ್ಟಿಯ ದಿಕ್ಕನ್ನು ಬೆರಳಿನಿಂದ ಗುರುತಿಸಿ. ಎಡಗಡೆಯ ಯುವಜೋಡಿ ಪರಸ್ಪರರಲ್ಲೇ ಮಗ್ನ. ಒಬ್ಬ ಗಡಿಯಾರ ಹಿಡಿದು ಕಾಲವನ್ನು ಅಳೆಯುತ್ತಿದ್ದಾನೆ. ಬಲಗಡೆಯ ವೃದ್ಧ ಹಕ್ಕಿಯನ್ನು ಬಿಟ್ಟು ಆ ಗಾಜಿನ ಪಾತ್ರೆಯತ್ತಲೇ ಮುಖಮಾಡಿ ಯೋಚನೆಯಲ್ಲಿ ಮುಳುಗಿದ್ದಾನೆ. ಉಪನ್ಯಾಸಕ ನೇರವಾಗಿ ನಮ್ಮನ್ನು ನೋಡುತ್ತಾನೆ, ಅವನ ಕೈ ಗೋಳದ ಮೇಲಿನ ಕವಾಟದ ಮೇಲಿದೆ.

ಸಾಮಾಜಿಕ ಅರ್ಥವನ್ನು ಕೇಳಬೇಕಾದದ್ದು ಇದೆಲ್ಲ ಮುಗಿದ ನಂತರವೇ. ವಿಜ್ಞಾನಿ ರಾಬರ್ಟ್ ಬಾಯ್ಲ್ ಗಾಳಿ ಪಂಪಿನ ಪ್ರಯೋಗಗಳನ್ನು ಪ್ರಕಟಿಸಿದ್ದು 1660ರಲ್ಲಿ. ನೂರು ವರ್ಷಗಳ ನಂತರ ಆ ಯಂತ್ರ ಊರೂರು ಸುತ್ತುವ ಉಪನ್ಯಾಸಕರ ಕೈಗೆ ಬಂದು, ಅನುಕೂಲಸ್ಥರು ಸಂಸಾರಸಮೇತ ಕುಳಿತು ನೋಡುವ ಪ್ರದರ್ಶನವಾಗಿತ್ತು. ಅಂಥ ಪ್ರದರ್ಶನಕ್ಕೆ ಯಾರೂ ಅಪರೂಪದ, ಬೆಲೆಬಾಳುವ ಕಾಕಟೂವನ್ನು ಬಲಿಕೊಡುತ್ತಿರಲಿಲ್ಲ. ಜೀವಂತ ಪ್ರಾಣಿಯ ಬದಲು ಗಾಳಿಚೀಲ ಬಳಸುವುದೂ ಇತ್ತು. ಆದ್ದರಿಂದ ಈ ಹಕ್ಕಿ ಚಿತ್ರಕಾರನ ಆಯ್ಕೆ. ಜ್ಞಾನಕ್ಕಾಗಿ ಏನನ್ನು ತೆರಬಹುದೆಂಬ ಪ್ರಶ್ನೆಯನ್ನು ಅವನು ಮಕ್ಕಳ ಎದುರಿನಲ್ಲೇ ಇಟ್ಟಿದ್ದಾನೆ.

ಈಗ ಚಂದ್ರನ ಬಳಿಗೆ ಮರಳಿ. ಕಿಟಕಿಯ ಪಕ್ಕದಲ್ಲಿ ಹುಡುಗನೊಬ್ಬ ಹಕ್ಕಿಯ ಪಂಜರದ ಹಗ್ಗ ಹಿಡಿದು, ನಮ್ಮತ್ತ ಹೊರಳಿ ನಿಂತಿದ್ದಾನೆ. ಹಕ್ಕಿ ಬದುಕುತ್ತದೆಂದು ಪಂಜರವನ್ನು ಇಳಿಸುತ್ತಿದ್ದಾನೆಯೇ, ಇನ್ನು ಬೇಕಿಲ್ಲವೆಂದು ಮೇಲೆಳೆಯುತ್ತಿದ್ದಾನೆಯೇ? ಅವನ ಕೈಯನ್ನು ಎಷ್ಟು ಹೊತ್ತು ನೋಡಿದರೂ ಉತ್ತರ ಸಿಗುವುದಿಲ್ಲ.