ಬಾಗಿಲು ತೆಗೆಸುವ ಪದ ಮತ್ತು ಎರಡನೇ ವರ್ಸ್: ರ‍್ಯಾಪ್ ಕಟ್ಟಿದ ನನ್ನ ಅನುಭವ

ಶಿವಮೊಗ್ಗದಲ್ಲಿ ಶಾಮಿಯಾನ, ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಮದುವೆ, ಗೃಹಪ್ರವೇಶ, ರಾಜ್ಯೋತ್ಸವ, ಗಣಪತಿ ಮೆರವಣಿಗೆ, ಎಲ್ಲದಕ್ಕೂ ಸ್ಪೀಕರ್ ಬಾಕ್ಸ್ ಹೊತ್ತು ಹೋಗುತ್ತೇನೆ. ರಾತ್ರಿ ರೂಮಿಗೆ ಬಂದು ರ‍್ಯಾಪ್ ಬರೆಯುತ್ತೇನೆ. ಹತ್ತು ವರ್ಷದಿಂದ ಇದೇ ನಡೆದಿದೆ.

ಈ ಹತ್ತು ವರ್ಷದಲ್ಲಿ ಎರಡು ಹಾಡು ನನಗೆ ಪಾಠ ಕಲಿಸಿದವು.

ಮೊದಲನೆಯದು ಏರಿಯಾ ಸಾಂಗ್. ನಮ್ಮ ಬಡಾವಣೆಯ ಗಣಪತಿ ಕೂರಿಸುವ ಹುಡುಗರು ಬಂದು, "ಅಣ್ಣ, ಮೆರವಣಿಗೆಗೆ ನಮ್ಮದೇ ಒಂದು ಹಾಡು ಬೇಕು" ಅಂದರು. ಮಾತಿನ ಹಿಂದೆ ಓಡುವ ತಾಳ, ಅಂದ್ರೆ ಬೀಟ್, ಆನ್‌ಲೈನ್‌ನಲ್ಲಿ ಕೊಂಡೆ. ನಲವತ್ತು ನಿಮಿಷದಲ್ಲಿ ಬರೆದೆ. ಏರಿಯಾ ಹೆಸರು, ಗಣಪನ ಹೆಸರು, ಕುಣಿಯೋ ಕುಣಿಯೋ ಅಂತ ನಾಲ್ಕು ಸಾಲು, ಅಷ್ಟೇ. ಎರಡು ಲಕ್ಷ ಜನ ನೋಡಿದರು.

ಎರಡನೆಯದು ನಮ್ಮಜ್ಜನ ಕಥೆ. ಅಜ್ಜನದು ಶರಾವತಿ ಕಣಿವೆಯ ಊರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಊರು ನೀರಿನೊಳಗೆ ಹೋಯಿತು, ಅವರನ್ನು ಶಿವಮೊಗ್ಗ ತಾಲ್ಲೂಕಿನ ಕಾಡಂಚಿಗೆ ತಂದು ಬಿಟ್ಟರು. ಇಡೀ ನಾಡಿಗೆ ಕರೆಂಟ್ ಕೊಟ್ಟವರ ಮನೆಯಲ್ಲಿ ಎಷ್ಟೋ ವರ್ಷ ಚಿಮಣಿ ದೀಪವೇ ಇತ್ತು. ಜಮೀನಿನ ಹಕ್ಕುಪತ್ರಕ್ಕೆ ಇವತ್ತಿಗೂ ಓಡಾಡುವವರಿದ್ದಾರೆ. ಇದನ್ನು ಏಳು ತಿಂಗಳು ಬರೆದೆ. ಹೊರಗೆ ಬಿಟ್ಟಾಗ ನೋಡಿದವರು ಸಾವಿರದ ನೂರು ಜನ.

ಆಗ ನನಗೆ ಕೇಳುವವರ ಮೇಲೆಯೇ ಸಿಟ್ಟು ಬಂದಿತ್ತು. ಜನಕ್ಕೆ ಒಳ್ಳೆಯದು ಬೇಡ, ಗದ್ದಲ ಬೇಕು ಅಂತ ಗೆಳೆಯರ ಹತ್ತಿರ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ್ದೇನೆ. ಆ ಮಾತು ತಪ್ಪು. ಯಾಕೆ ತಪ್ಪು ಅನ್ನುವುದು ಬಾಕ್ಸ್ ಪಕ್ಕದಲ್ಲಿ ನಿಂತು ನಿಂತು ಗೊತ್ತಾಯಿತು. ಮೆರವಣಿಗೆಯಲ್ಲಿ ಕುಣಿಯುವ ಹುಡುಗ ಬೆಳಿಗ್ಗೆಯಿಂದ ಗಾರೆ ಕೆಲಸ ಮಾಡಿ ಬಂದಿರುತ್ತಾನೆ. ಬಾಸ್ ಎದೆಗೆ ಬಡಿದರೆ ಅವನ ಮೈ ಹಗುರ ಆಗುತ್ತದೆ. ಅದು ಅವನ ಹಕ್ಕು. ಆ ಹೊತ್ತಿನಲ್ಲಿ ಅವನ ಮುಂದೆ ಐದೂವರೆ ನಿಮಿಷದ ಹಾಡು ಇಟ್ಟು, ಎಲ್ಲೂ ಉಸಿರಾಡಲು ಬಿಡದೆ ಕಥೆ ಹೇಳಿದರೆ ಅವನೇನು ಮಾಡಬೇಕು? ನನ್ನ ಅಜ್ಜನ ಹಾಡಿನಲ್ಲಿ ಹುಕ್ಕೇ ಇರಲಿಲ್ಲ, ಅಂದ್ರೆ ಮತ್ತೆ ಮತ್ತೆ ಬಂದು ಎಲ್ಲರೂ ಹೇಳುವಂಥ ಸಾಲು. ಹುಕ್ ಹಾಕಿದರೆ ಹಾಡು ಮಾರಿಕೊಂಡಂತೆ ಅಂತ ನಂಬಿದ್ದೆ.

ರ‍್ಯಾಪ್ ಬೆಳೆದು ಬಂದ ಹಿಪ್ ಹಾಪ್ ಹುಟ್ಟಿದ ಕಥೆ ಸರಿಯಾಗಿ ಓದಿದ ಮೇಲೆ ಆ ನಂಬಿಕೆ ಸಡಿಲ ಆಯಿತು. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್. ಒಂದು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಡಿಜೆ ಕೂಲ್ ಹರ್ಕ್ ರೆಕಾರ್ಡ್ ಹಾಕಿದ. ಆ ಪಾರ್ಟಿ ಇಟ್ಟಿದ್ದು ಅವನ ತಂಗಿ ಸಿಂಡಿ, ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆಗೆ ದುಡ್ಡು ಬೇಕು ಅಂತ. ಹುಡುಗಿಯರಿಗೆ 25 ಸೆಂಟ್ಸ್, ಹುಡುಗರಿಗೆ 50 ಸೆಂಟ್ಸ್ ಟಿಕೆಟ್. ಅಂದರೆ ಮೊದಲ ದಿನವೇ ಬಾಗಿಲಲ್ಲಿ ದುಡ್ಡು ಎಣಿಸಿದ್ದಾರೆ. ಅದೇ ಪಾರ್ಟಿಗಳಲ್ಲಿ ಜನ ಯಾವ ತುಣುಕಿಗೆ ಜಾಸ್ತಿ ಕುಣಿಯುತ್ತಾರೆ ಅಂತ ಹರ್ಕ್ ಗಮನಿಸಿದ. ಡ್ರಮ್ಸ್ ಮಾತ್ರ ಉಳಿಯುವ ಆ ತುಣುಕನ್ನು, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟುಕೊಂಡು ಮತ್ತೆ ಮತ್ತೆ ನುಡಿಸಿ ಉದ್ದ ಮಾಡಿದ. ಇಡೀ ಕಲೆ ನಿಂತಿರುವುದು ಆ ಉಪಾಯದ ಮೇಲೆ. ಕುಣಿಯುವವರ ಕಾಲು ನೋಡಿಯೇ ಅದು ಹುಟ್ಟಿತು.

ಹಾಗಾದರೆ ದುಡ್ಡಿನ ದಾರಿ ಎಲ್ಲಿ ಕೆಡುತ್ತದೆ? 1979ರಲ್ಲಿ ರೇಡಿಯೋದಲ್ಲಿ ಗೆದ್ದ ಮೊದಲ ದೊಡ್ಡ ರ‍್ಯಾಪ್ ಹಾಡಿನಲ್ಲಿ ಒಂದು ವಿಷಯ ಇದೆ. ಅದರಲ್ಲಿ ಒಬ್ಬ ಹಾಡಿದ ಸಾಲುಗಳು ಅವನವಲ್ಲ, ಗ್ರಾಂಡ್‌ಮಾಸ್ಟರ್ ಕ್ಯಾಜ್ ಅನ್ನುವವನ ನೋಟ್‌ಬುಕ್ಕಿನವು. ಕ್ಯಾಜ್ ತನ್ನ ಅಡ್ಡಹೆಸರನ್ನು ಅಕ್ಷರ ಅಕ್ಷರ ಬಿಡಿಸಿ ಹೇಳಿಕೊಂಡಿದ್ದ. ಹಾಡಿದವನು ಆ ಹೆಸರನ್ನೂ ಬದಲಾಯಿಸದೆ ಹಾಗೇ ಹಾಡಿಬಿಟ್ಟ. ಇನ್ನೊಬ್ಬನ ಹೆಸರು ಇವನ ಬಾಯಲ್ಲಿ! ಇದನ್ನು ಓದಿದ ದಿನ ನನ್ನ ಏರಿಯಾ ಸಾಂಗ್ ತೆಗೆದು ನೋಡಿದೆ. ಬಡಾವಣೆ ಹೆಸರು ಬದಲಾಯಿಸಿದರೆ ದಾವಣಗೆರೆಯವನೂ ಹಾಡಬಹುದು, ಹಾಸನದವನೂ ಹಾಡಬಹುದು. ಅವತ್ತಿನಿಂದ ಬರೆದ ಪ್ರತಿ ವರ್ಸ್‌ಗೂ, ಅಂದ್ರೆ ಹುಕ್ಕಿನ ನಡುವೆ ಕಥೆ ಹೇಳುವ ಭಾಗಕ್ಕೂ, ಇದೊಂದೇ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಈ ಸಾಲು ಬೇರೆಯವರ ಬಾಯಲ್ಲಿ ಕೂರುತ್ತದಾ? ಕೂತರೆ ಅದನ್ನು ಹೊಡೆದು ಹಾಕುತ್ತೇನೆ.

ಆದರೆ ಆ ಬುದ್ಧಿ ಬರುವ ಮೊದಲೇ ಒಂದು ಪೆಟ್ಟು ತಿಂದಿದ್ದೆ. ಏರಿಯಾ ಸಾಂಗ್ ನೋಡಿ ಬೆಂಗಳೂರಿನ ಒಂದು ಮ್ಯೂಸಿಕ್ ಕಂಪನಿಯವರು ಫೋನ್ ಮಾಡಿದರು. ಅಜ್ಜನ ಹಾಡು ಕಳಿಸಿದೆ. ಚೆನ್ನಾಗಿದೆ, ಆದರೆ ಚಿಕ್ಕದು ಮಾಡಬೇಕು ಅಂದರು. ಶುರುವಿನಲ್ಲೇ ಹುಕ್ ಬರಬೇಕು, ಯಾಕಂದ್ರೆ ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಒಂದು ಸ್ಟ್ರೀಮ್ ಅಂತ ಲೆಕ್ಕ. ಅಲ್ಲಿವರೆಗೆ ಸರಿಯಾಗಿಯೇ ಹೇಳಿದರು. ಆಮೇಲೆ, "ಎರಡನೇ ವರ್ಸ್ ತೆಗೀರಿ, ಆ ಊರ ಹೆಸರೆಲ್ಲ ಯಾರಿಗೆ ಗೊತ್ತಾಗುತ್ತೆ?" ಅಂದರು. ಕರೂರು, ಬಾರಂಗಿ, ಮಡೆನೂರು ಅಂತ ಹೆಸರು ಪೋಣಿಸಿದ್ದ ವರ್ಸ್ ಅದು. ಅಂಗಡಿಯಲ್ಲಿ ಸಂಬಳ ಎರಡು ತಿಂಗಳು ನಿಂತಿತ್ತು. ಒಪ್ಪಿಕೊಂಡೆ. ಹದಿನೈದು ಸಾವಿರ ಕೊಟ್ಟರು, ಕಾಗದಕ್ಕೆ ಸಹಿ ಹಾಕಿದೆ. ಆ ಜಾಗಕ್ಕೆ ಬುಲೆಟ್ ಬೈಕು, ಕೂಲಿಂಗ್ ಗ್ಲಾಸು ಬಂತು.

ನಮ್ಮತ್ತೆ ಮನೆ ತುಮರಿ ಕಡೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವ ತನಕ ಅಲ್ಲಿಗೆ ಹೋಗಬೇಕಂದ್ರೆ ಹಿನ್ನೀರು ದಾಟಿಸುವ ಲಾಂಚ್‌ಗೆ ಕಾಯಬೇಕಿತ್ತು. ಆ ಸಲ ಲಾಂಚ್ ಕಟ್ಟೆಯಲ್ಲಿ ಕೂತು ಅತ್ತೆಗೆ ಫೋನಿನಲ್ಲಿ ಹೊಸ ಹಾಡು ಕೇಳಿಸಿದೆ. ಅವರು ಮೊದಲಿನ ಹಾಡನ್ನು ಎಷ್ಟು ಸಲ ಕೇಳಿದ್ದರೆಂದರೆ, ಎರಡನೇ ವರ್ಸ್ ಬರುವ ಜಾಗಕ್ಕೆ ಸರಿಯಾಗಿ ತಾವೇ "ಕರೂರು..." ಅಂತ ಶುರು ಮಾಡಿದರು. ಫೋನಿನಲ್ಲಿ ಬುಲೆಟ್ ಬಂತು. ಅತ್ತೆ ನನ್ನ ಮುಖ ನೋಡಿದರು. "ಇರ್ಲಿ ಬಿಡು ಮಾರಾಯ, ದುಡ್ಡು ಕೊಟ್ರಾ?" ಅಂದರು. ಲಾಂಚ್ ಬರುವ ತನಕ ಇಬ್ಬರೂ ಮಾತಾಡಲಿಲ್ಲ.

ಆ ಕಾಗದದ ಬಗ್ಗೆ ಹೊಸಬರಿಗೆ ಒಂದು ಮಾತು. ರೆಕಾರ್ಡಿಂಗಿನ ಹಕ್ಕು ಬೇರೆ, ಬರೆದವನ ಹಕ್ಕು ಬೇರೆ. 2012ರ ಕಾಪಿರೈಟ್ ತಿದ್ದುಪಡಿ ಪ್ರಕಾರ ಸಾಹಿತ್ಯ ಬರೆದವರಿಗೆ, ಸಂಗೀತ ಮಾಡಿದವರಿಗೆ ರಾಯಲ್ಟಿಯಲ್ಲಿ ಪಾಲು ಇದೆ. ಅದನ್ನು ಒಂದೇ ಸಲ ದುಡ್ಡು ಕೊಟ್ಟು ಬರೆಸಿಕೊಂಡು ಬಿಡಲು ಆಗುವುದಿಲ್ಲ. ಸಹಿ ಹಾಕುವ ಮೊದಲು ತಿಳಿದವರಿಗೆ ತೋರಿಸಿ.

ದಾರಿ ಸಿಕ್ಕಿದ್ದು ದೀಪಾವಳಿಯಲ್ಲಿ. ನಮ್ಮ ಕಡೆ ಅಂಟಿಗೆ ಪಂಟಿಗೆ ಅಂತ ಇದೆ. ದೀಪ ಹಿಡಿದುಕೊಂಡು ರಾತ್ರಿಯಿಡೀ ಮನೆ ಮನೆಗೆ ಹೋಗಿ ಪದ ಹೇಳುವುದು. ಆ ವರ್ಷ ಊರಿನ ತಂಡದ ಜೊತೆ ನಾನೂ ಹೊರಟೆ. ಮನೆ ಮುಂದೆ ನಿಂತ ಕೂಡಲೇ ಮೊದಲು ಹೇಳುವುದು ಬಾಗಿಲು ತೆಗೆಸುವ ಪದ. ಇಬ್ಬರು ಎತ್ತಿಕೊಡುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಸಣ್ಣ ಸಾಲು, ಮತ್ತೆ ಮತ್ತೆ ಅದೇ. ನಿದ್ದೆಯಲ್ಲಿದ್ದವರಿಗೂ ಕೇಳಬೇಕಲ್ಲ! ಬಾಗಿಲು ತೆರೆದು, ದೀಪಕ್ಕೆ ಎಣ್ಣೆ ಹಾಕಿ, ಮನೆಯವರು ಕೂತ ಮೇಲೆ ಉದ್ದದ ಕಥೆಯ ಪದ ಶುರು. ಹೊರಡುವಾಗ ಅಕ್ಕಿ, ಕಾಯಿ, ದುಡ್ಡು ಕೊಡುತ್ತಾರೆ. ಮೂರನೇ ಮನೆಯ ಜಗಲಿಯಲ್ಲಿ ನಿಂತಾಗ ನನಗೆ ಹೊಳೆಯಿತು. ಹುಕ್ ಅಂದ್ರೆ ಬಾಗಿಲು ತೆಗೆಸುವ ಪದ. ನನ್ನ ಅಜ್ಜನ ಹಾಡು ಬಾಗಿಲು ತಟ್ಟದೆ ಅಂಗಳದಲ್ಲಿ ನಿಂತು ಕಥೆ ಹೇಳುತ್ತಿತ್ತು. ಏರಿಯಾ ಸಾಂಗ್ ಬಾಗಿಲು ತೆಗೆಸಿ, ಏನೂ ಹೇಳದೆ ಮುಂದಿನ ಮನೆಗೆ ಹೋಗುತ್ತಿತ್ತು.

ಅಜ್ಜನ ಹಾಡನ್ನು ಪೂರ್ತಿ ಹೊಸದಾಗಿ ಬರೆಯಲು ಕೂತೆ. ಕಂಪನಿಯ ಹತ್ತಿರ ಇದ್ದದ್ದು ಹಳೆಯ ರೆಕಾರ್ಡಿಂಗ್. ನಾನು ಬೀಟ್, ಸಾಲು ಎಲ್ಲ ಬದಲಾಯಿಸಿದೆ.

ಇಲ್ಲಿ ಬರೆಯುವ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕಂದ್ರೆ ಗುಣಮಟ್ಟ ಅನ್ನುವುದು ಕೊನೆಗೆ ಇಂಥ ಕಡೆಯೇ ತೀರ್ಮಾನ ಆಗುವುದು. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುತ್ತದೆ. ಹಾಗಾಗಿ ಬರ್ತೀನಿ, ಹೋಗ್ತೀನಿ, ನೋಡ್ತೀನಿ ಅಂತ ಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕ ಪ್ರಾಸಕ್ಕೆ ಕಿವಿ ನಿಮಿರುವುದಿಲ್ಲ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಮೊದಲಿಗೆ ಇಟ್ಟರು, ಎರಡನೇ ಅಕ್ಷರದಲ್ಲಿ. ಇದನ್ನು ನನಗೆ ತೋರಿಸಿಕೊಟ್ಟವರು ಹೊಸಹಳ್ಳಿಯ ಒಬ್ಬ ಹಿರಿಯ ಗಮಕಿಗಳು, ಅಂದ್ರೆ ಕಾವ್ಯವನ್ನು ರಾಗವಾಗಿ ಓದುವವರು. ತುಂಗೆಯ ದಡದ ಆ ಊರಲ್ಲಿ ಗಮಕ ಮನೆಮಾತು. ಅವರ ಮನೆಯ ಕಾರ್ಯಕ್ರಮಕ್ಕೆ ಮೈಕ್ ಕಟ್ಟಲು ಹೋದವನು ನಾಲ್ಕು ಭಾನುವಾರ ಪಾಠಕ್ಕೆ ಹೋದೆ.

ಮೊದಲು ಭಾಮಿನಿ ಷಟ್ಪದಿಯಲ್ಲಿ ಬರೆದು ನೋಡಿದೆ. ಅದರ ನಡೆ 3, 4, 3, 4 ಮಾತ್ರೆ. ಬೀಟ್ ಮೇಲೆ ಇಟ್ಟರೆ ಜಾರುತ್ತದೆ. ರ‍್ಯಾಪಿನ ಒಂದು ಬಾರ್‌ನಲ್ಲಿ, ಅಂದ್ರೆ ತಾಳದ ಒಂದು ಸುತ್ತಿನಲ್ಲಿ, ನಾಲ್ಕು ಪೆಟ್ಟು, ಒಂದೊಂದು ಪೆಟ್ಟಿನಲ್ಲಿ ನಾಲ್ಕು ಮನೆ, ಒಟ್ಟು 16. ಏಳು ಮಾತ್ರೆ ಅದರಲ್ಲಿ ಕೂರುವುದಿಲ್ಲ. ಗಮಕಿಗಳಿಗೆ ಫೋನಿನಲ್ಲಿ ಬೀಟ್ ಕೇಳಿಸಿದೆ. ತೊಡೆಯ ಮೇಲೆ ತಾಳ ಹಾಕಿಕೊಂಡು ಕೇಳಿದರು. "ತಮ್ಮಾ, ಇದು ಪರಿವರ್ಧಿನಿ ಅಲ್ವಾ? ನಾಲ್ಕು ನಾಲ್ಕು ಮಾತ್ರೆಯ ನಾಲ್ಕು ಗಣ" ಅಂದರು. ಸಾಲಿಗೆ 16 ಮಾತ್ರೆ. ಬ್ರಾಂಕ್ಸಿನ ಬಾರ್‌ಗೂ ಪರಿವರ್ಧಿನಿಯ ಸಣ್ಣ ಸಾಲಿಗೂ ಲೆಕ್ಕ ಒಂದೇ! ಅವತ್ತು ಬಸ್‌ನಲ್ಲಿ ಬರುತ್ತಾ ಬರೆದ ಸಾಲುಗಳಿವು:

ಮಣ್ಣನು ಕೇಳ್ದರೆ ಕಾಗದ ಕೊಟ್ಟರು
ಕಣ್ಣಿಗೆ ಕಾಣದ ಸರ್ವೇ ನಂಬರು
ಹುಣ್ಣಿಮೆ ಬೆಳಕೇ ಅಜ್ಜನ ಮನೆಗೆ
ಬಣ್ಣದ ಲೈಟೋ ಬೆಂಗ್ಳೂರ್ ಸಿಟಿಗೆ

ಕೊನೆಯ ಎರಡು ಸಾಲಿನಲ್ಲಿ ಒಂದೊಂದು ಮಾತ್ರೆ ಬೇಕೆಂದೇ ಬಿಟ್ಟಿದ್ದೇನೆ, ಅಲ್ಲಿ ಉಸಿರು ತೆಗೆದುಕೊಳ್ಳಬೇಕು. ಪ್ರಾಸ ಮೊದಲಿಗೂ ಇದೆ, ಕೊನೆಗೂ ಇದೆ. ಕೇಳುವವರಿಗೆ ಇದು ಯಾವುದೂ ಗೊತ್ತಾಗಬೇಕಿಲ್ಲ. ನಾಲಿಗೆಗೆ ಹತ್ತಿದರೆ ಸಾಕು.

ಹುಕ್ ಎಂಟು ಬಾರ್ ಇಟ್ಟೆ. 90 ಬಿಪಿಎಂ, ಅಂದ್ರೆ ನಿಮಿಷಕ್ಕೆ 90 ಪೆಟ್ಟಿನ ವೇಗದಲ್ಲಿ, ಎಂಟು ಬಾರ್ ಅಂದ್ರೆ 21 ಸೆಕೆಂಡು. ಶುರುವಿನಲ್ಲೇ ಬರುತ್ತದೆ, 30 ಸೆಕೆಂಡಿನ ಲೆಕ್ಕದೊಳಗೆ ಮುಗಿದು ಕಥೆ ಆರಂಭ ಆಗುತ್ತದೆ. ಕಂಪನಿಯವರ ಆ ಮಾತನ್ನು ನಾನು ಬಿಡಲಿಲ್ಲ, ಅದರಲ್ಲಿ ತಪ್ಪಿಲ್ಲ. ಹುಕ್ಕಿನಲ್ಲಿ ನಾನೊಬ್ಬ ಎತ್ತಿಕೊಡುತ್ತೇನೆ, ಉಳಿದವರು ತಿರುಗಿ ಹೇಳುತ್ತಾರೆ. ಪದ ಎಷ್ಟು ಸುಲಭ ಅಂದ್ರೆ ಮಕ್ಕಳೂ ಹೇಳಬೇಕು. ವರ್ಸ್ ಮಾತ್ರ ಎರಡೂ 16 ಬಾರ್, ಊರ ಹೆಸರೂ ಸೇರಿ. ಅದನ್ನು ಯಾರಿಗೂ ಮುಟ್ಟಲು ಕೊಡಲಿಲ್ಲ.

ಬೀಟ್ ಕೂಡ ಕೊಳ್ಳಲಿಲ್ಲ. ಸುಗ್ಗಿಯಲ್ಲಿ ಚಿಕ್ಕಪ್ಪನ ಮನೆಯಲ್ಲಿ ಅಡಿಕೆ ಸುಲಿಯುವಾಗ ಫೋನ್ ಪಕ್ಕಕ್ಕೆ ಇಟ್ಟು ರೆಕಾರ್ಡ್ ಮಾಡಿದೆ. ಮೆಟ್ಟುಗತ್ತಿಗೆ ಕಾಯಿ ತಾಗುವ ಸದ್ದು ಕಟ್ ಅಂತ ಗಟ್ಟಿ, ಆಮೇಲೆ ಸಿಪ್ಪೆ ಬಿಡುವ ಸದ್ದು ಮೆತ್ತಗೆ, ಆಮೇಲೆ ಬುಟ್ಟಿಗೆ ಬೀಳುವ ಸದ್ದು. ಮೂರನ್ನೂ ಕತ್ತರಿಸಿ ಜೋಡಿಸಿದೆ. ಗಟ್ಟಿ ಸದ್ದು ಸ್ನೇರ್ ಡ್ರಮ್ಮಿನ ಜಾಗಕ್ಕೆ, ಮೆತ್ತಗಿನದು ಹೈಹ್ಯಾಟ್ ತಾಳದ ಜಾಗಕ್ಕೆ. ಬಾಸ್‌ಗೆ ಮಾತ್ರ ಎಲ್ಲರೂ ಬಳಸುವ 808 ಅನ್ನುವ ಡ್ರಮ್ ಮೆಷಿನ್ನಿನ ಸದ್ದು. ಅದರಲ್ಲಿ ಒಂದು ತೊಂದರೆ ಇದೆ. 50 ಹರ್ಟ್ಜ್ ಸುತ್ತಮುತ್ತಲಿನ ಬಾಸ್ ನಮ್ಮ ಅಂಗಡಿಯ ಬಾಕ್ಸಿನಲ್ಲಿ ಎದೆ ನಡುಗಿಸುತ್ತದೆ, ಫೋನ್ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ. ಹೆಚ್ಚಿನವರು ಕೇಳುವುದು ಫೋನಿನಲ್ಲೇ. ಅದಕ್ಕೆ ಬಾಸ್‌ಗೆ ಸ್ವಲ್ಪ ಸ್ಯಾಚುರೇಷನ್ ಕೊಟ್ಟು, ಅಂದ್ರೆ ಸದ್ದನ್ನು ತುಸು ಒರಟು ಮಾಡಿ, ಒಂದು ಆಕ್ಟೇವ್ ಮೇಲೆ ಅದೇ ಸ್ವರವನ್ನು ಮೆಲ್ಲಗೆ ಸೇರಿಸಿದೆ. ಅತ್ತೆಯ ಫೋನಿನಲ್ಲೂ ಕೇಳಬೇಕು, ಬಾಕ್ಸಿನಲ್ಲೂ ಕೇಳಬೇಕು.

ಹಾಡಿ ರೆಕಾರ್ಡ್ ಮಾಡಿದ್ದು ಮಾತ್ರ ಮಳೆಗಾಲ ಕಳೆದ ಮೇಲೆ. ಜೂನ್‌ನಿಂದ ನಮ್ಮ ತಗಡಿನ ಮಾಡಿನ ಕೆಳಗೆ ಮೈಕ್ ಆನ್ ಮಾಡುವ ಹಾಗೇ ಇಲ್ಲ.

ಜನರ ಮುಂದೆ ಮೊದಲ ಸಲ ಹಾಡಿದ್ದು ಒಂದು ಗಣಪತಿ ಪೆಂಡಾಲಿನಲ್ಲಿ, ಡಿಜೆ ಶುರುವಾಗುವ ಮೊದಲಿನ ಹತ್ತು ನಿಮಿಷ. ಹುಕ್ ಎರಡನೇ ಸಲ ಬಂದಾಗ ಹುಡುಗರು ಹೇಳಲು ಶುರು ಮಾಡಿದರು. ಎರಡನೇ ವರ್ಸ್ ಬಂದಾಗ ಕುಣಿತ ನಿಂತಿತು. ನನ್ನ ಜೀವ ಬಾಯಿಗೆ ಬಂತು. ಹಳೆಯ ಭಯ, ಈಗ ಎದ್ದು ಹೋಗುತ್ತಾರೆ ಅಂತ. ಯಾರೂ ಹೋಗಲಿಲ್ಲ. ಒಬ್ಬ ಹುಡುಗ ಪಕ್ಕದವನಿಗೆ ಬಗ್ಗಿ ಏನೋ ಹೇಳುತ್ತಿದ್ದ. ಹಾಡು ಮುಗಿದ ಮೇಲೆ ಅವನೇ ಬಂದು, "ಅಣ್ಣ, ನಮ್ಮಜ್ಜಿನೂ ಮುಳುಗಡೆಯವ್ರು" ಅಂದ.

ಈ ಹಾಡನ್ನು ಇಲ್ಲಿಯವರೆಗೆ ನೋಡಿದವರು ಮೂವತ್ತೆರಡು ಸಾವಿರ. ಏರಿಯಾ ಸಾಂಗಿನ ಹತ್ತಿರಕ್ಕೂ ಬಂದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ದುಡ್ಡು ಬರಬೇಕಂದ್ರೆ 1,000 ಚಂದಾದಾರರು, ವರ್ಷಕ್ಕೆ 4,000 ಗಂಟೆ ವೀಕ್ಷಣೆ ಬೇಕು. ನನಗೆ ಅದನ್ನು ದಾಟಿಸಿದ್ದು ಏರಿಯಾ ಸಾಂಗೇ. ಈಗಲೂ ವರ್ಷಕ್ಕೆ ಎರಡು ಮೂರು ಅಂಥ ಹಾಡು ಬರೆಯುತ್ತೇನೆ, ಮನಸ್ಸಿಟ್ಟೇ ಬರೆಯುತ್ತೇನೆ. ಅದರಲ್ಲೂ ಒಂದು ಸಾಲಾದರೂ ಆ ಬಡಾವಣೆಯವರಿಗೆ ಮಾತ್ರ ಗೊತ್ತಾಗುವಂಥದ್ದು ಇರಲೇಬೇಕು ಅಂತ ಹುಡುಗರನ್ನು ಕೂರಿಸಿಕೊಂಡು ಕೇಳುತ್ತೇನೆ.

ಹೋದ ತಿಂಗಳು ಬ್ಯಾಕೋಡು ಕಡೆಯ ಹಿರಿಯರೊಬ್ಬರು ಫೋನ್ ಮಾಡಿದ್ದರು. ಮೊಮ್ಮಗ ಹಾಡು ಕೇಳಿಸಿದನಂತೆ. ಹೊಗಳಲು ಮಾಡಿದ ಫೋನ್ ಅಲ್ಲ. ಎರಡನೇ ವರ್ಸಿನಲ್ಲಿ ನಾನು, ಅಜ್ಜ ಬೀಸುವ ಕಲ್ಲು ಹೊತ್ತು ತಂದ ಅಂತ ಬರೆದಿದ್ದೆ. "ಅದು ತಪ್ಪು ಮಾರಾಯ" ಅಂದರು. "ಬಾಗಿಲು, ತೊಲೆ ಎಲ್ಲ ಕಳಚಿಕೊಂಡು ಬಂದ್ವಿ. ಬೀಸೋ ಕಲ್ಲು ಯಾರು ಹೊರ್ತಾರೆ? ಅಲ್ಲೇ ಬಿಟ್ವಿ. ಬೇಸಿಗೇಲಿ ನೀರು ಪೂರಾ ಇಳ್ದಾಗ ಹೋಗಿ ನೋಡಿದೀನಿ, ನಮ್ಮನೆ ಕಲ್ಲು ಇನ್ನೂ ಅಲ್ಲೇ ಇದೆ."

ಆ ಸಾಲು ಬದಲಾಯಿಸಿದ್ದೇನೆ. ಮಳೆ ನಿಂತ ಮೇಲೆ ಮತ್ತೆ ಹಾಡಬೇಕು.