ಸಮುದ್ರದಂಡೆಯಲ್ಲಿ ಕೂತು ನಾಲ್ಕೂವರೆ ಸಾವಿರ ಮೀಟರ್ ಏರಿದ್ದು

ಕಾರವಾರದಲ್ಲಿದ್ದುಕೊಂಡು ಎತ್ತರದ ಊರುಗಳ ಕಾಯಿಲೆ ಮೇಲೆ ಕೆಲಸ ಮಾಡುತ್ತೇನೆ ಅಂದರೆ ಜನ ನಗುತ್ತಾರೆ. ಆದರೆ ಆಮ್ಲಜನಕದ ಪಾಲು ಇಲ್ಲೂ ಶೇ. 20.9, ಲೇಹ್‌ನಲ್ಲೂ ಶೇ. 20.9. 3500 ಮೀಟರ್ ಏರಿದಾಗ ಇಳಿಯುವುದು ಗಾಳಿಯ ಒತ್ತಡ. ಅದನ್ನು ಇಲ್ಲೇ ಸೃಷ್ಟಿಸಲು ದಾರಿ ಎರಡು: ಉಕ್ಕಿನ ತೊಟ್ಟಿಯೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು ಒತ್ತಡವನ್ನೇ ಇಳಿಸುವುದು, ಇಲ್ಲವೇ ಒತ್ತಡ ಇದ್ದಂತೆಯೇ ಬಿಟ್ಟು ನೈಟ್ರೋಜನ್ ಬೆರೆಸಿ ಆಮ್ಲಜನಕವನ್ನು ತೆಳುಮಾಡುವುದು. ನಾನು ಎರಡನೆಯದನ್ನು ಆರಿಸಿಕೊಂಡೆ. ಸಮುದ್ರಮಟ್ಟದಲ್ಲಿ ಆಮ್ಲಜನಕದ ಪಾಲಿನ ಒತ್ತಡ ಸುಮಾರು 159 ಮಿ.ಮೀ. ಪಾದರಸ. ಆಮ್ಲಜನಕದ ಪಾಲನ್ನು ಶೇ. 12ಕ್ಕೆ ತಂದರೆ ಆ ಒತ್ತಡ 91. ಅಂದರೆ ಸುಮಾರು 4500 ಮೀಟರ್ ಎತ್ತರದ ಗಾಳಿ. ಆ ಗಾಳಿಯಲ್ಲಿ ನಾನು ಇಟ್ಟು ನೋಡುವುದು ನವಜಾತ ಇಲಿಮರಿಗಳನ್ನು.

ನವಜಾತ ಮರಿಗಳೇ ಯಾಕೆ? ಗರ್ಭದಲ್ಲಿರುವಾಗ ಶ್ವಾಸಕೋಶಕ್ಕೆ ಉಸಿರಾಟದ ಕೆಲಸವಿಲ್ಲ, ಅದರ ರಕ್ತನಾಳಗಳು ಬಿಗಿದುಕೊಂಡೇ ಇರುತ್ತವೆ. ಹುಟ್ಟಿ ಉಸಿರೆಳೆದ ಮೇಲೆ ಅವು ಸಡಿಲಗೊಂಡು ಒತ್ತಡ ಇಳಿಯಬೇಕು. ಆ ಹೊತ್ತಿಗೇ ಆಮ್ಲಜನಕ ಸಾಲದೆ ಹೋದರೆ ನಾಳಗಳು ಬಿಗಿದೇ ಉಳಿದು, ಅವುಗಳ ಸ್ನಾಯುಪದರ ದಪ್ಪಗಾಗಿ, ಹೃದಯದ ಬಲಭಾಗ ಸೋಲುತ್ತಾ ಬರುತ್ತದೆ. 1988ರಲ್ಲಿ ಟಿಬೆಟಿನ ಲಾಸಾದಿಂದ ವರದಿಯಾದ ಶಿಶುಗಳಲ್ಲಿ ಕಂಡದ್ದು ಇದೇ.

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬಂದ ಮೇಲೆ ಇಲಿಗಳಿಂದ ಶುರು ಮಾಡಿದೆ. ಅಕ್ರಿಲಿಕ್ ಪೆಟ್ಟಿಗೆ, ನೈಟ್ರೋಜನ್ ಸಿಲಿಂಡರ್, ಆಮ್ಲಜನಕದ ಸೆನ್ಸರ್, ಕಂಟ್ರೋಲರ್, ಒಂದು ಸಣ್ಣ ಫ್ಯಾನ್. ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರಲು ಸೋಡಾ ಲೈಮ್. ಪುಸ್ತಕದ ಪ್ರಕಾರ ಇಷ್ಟು ಸಾಕು. ಆದರೆ ಪುಸ್ತಕ ಬರೆದವರು ನಮ್ಮ ಕರಾವಳಿಯ ಆಷಾಢ ನೋಡಿದವರಲ್ಲ. ತೇವ ಹೀರಲೆಂದು ರಾತ್ರಿ ಹಾಕಿದ ನೀಲಿ ಸಿಲಿಕಾ ಜೆಲ್ ಬೆಳಗಾಗುವಷ್ಟರಲ್ಲಿ ತೇವ ತುಂಬಿ ಗುಲಾಬಿ. ಓವನ್ನಿನಲ್ಲಿ ಒಣಗಿಸಿ ಮತ್ತೆ ಹಾಕು. ಸೆನ್ಸರಿನ ಪೊರೆಯ ಮೇಲೆ ಹನಿ ಕೂತರೆ ಅದು ಆಮ್ಲಜನಕ ಇರುವುದಕ್ಕಿಂತ ಕಡಿಮೆ ಎಂದು ತೋರಿಸುತ್ತದೆ. ಕಂಟ್ರೋಲರ್ ಅದನ್ನೇ ನಂಬಿ ಹೊರಗಾಳಿ ಬಿಡುತ್ತದೆ, ಮರಿಗಳು ನಾವು ಅಂದುಕೊಂಡದ್ದಕ್ಕಿಂತ ಕೆಳಗಿನ ಊರಲ್ಲಿರುತ್ತವೆ! ಹಾಗಾಗಿ ಬೇರೆ ಬೇರೆ ಮೂಲೆಗೆ ಎರಡು ಸೆನ್ಸರ್ ಇಟ್ಟೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ಅಲಾರಾಂ.

ಮಳೆಗಾಲವೆಂದರೆ ಕರೆಂಟೂ ಹೋಗುತ್ತದೆ. ಕರೆಂಟ್ ಹೋದೊಡನೆ ನೈಟ್ರೋಜನ್ ವಾಲ್ವ್ ತಾನಾಗಿ ಮುಚ್ಚಬೇಕು, ಹೊರಗಾಳಿಯ ವಾಲ್ವ್ ತಾನಾಗಿ ತೆರೆಯಬೇಕು. ಇದರಲ್ಲಿ ರಾಜಿಯಿಲ್ಲ. ಪ್ರಯೋಗ ಕೆಟ್ಟರೆ ಕೆಡಲಿ, ಮರಿಗಳು ಉಸಿರುಗಟ್ಟಿ ಸಾಯಬಾರದು. ಕೋಣೆಯ ಗೋಡೆಗೂ ಒಂದು ಆಮ್ಲಜನಕದ ಅಲಾರಾಂ ಹಾಕಿಸಿದೆ. ನೈಟ್ರೋಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದರೆ ಉರುಳುವವರು ನಾವು.

ಇಷ್ಟೆಲ್ಲ ಯಂತ್ರದ ಪಾಡು. ನಿಜವಾಗಿ ತಲೆ ತಿಂದದ್ದು ಹಾಲು. ಕಡಿಮೆ ಆಮ್ಲಜನಕದಲ್ಲಿ ತಾಯಿ ಇಲಿ ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಮರಿಗಳ ಮೈಯೂ ತಣ್ಣಗಾಗುತ್ತದೆ, ಚೀಪುವ ಹುರುಪೂ ಕಡಿಮೆ. ಎರಡು ವಾರ ಕಳೆದ ಮೇಲೆ ಮರಿ ಸಣ್ಣದಾಗಿ, ಶ್ವಾಸಕೋಶದ ಗಾಳಿಗೂಡುಗಳು ಕಡಿಮೆಯಾಗಿ ಕಂಡರೆ ಅದು ಆಮ್ಲಜನಕದ ಕೊರತೆಯೋ ಹಸಿವೋ? ಇಲಿಯ ಗಾಳಿಗೂಡುಗಳು ಬಹುಪಾಲು ಮೂಡುವುದೇ ಹುಟ್ಟಿದ ಮೇಲೆ. ಆದ್ದರಿಂದ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ.

ನಾನು ಮಾಡಿದ್ದು ಹೀಗೆ. ಪ್ರತಿ ತಾಯಿಗೂ ಒಂದೇ ಲೆಕ್ಕದ ಮರಿ. ಚೇಂಬರಿನ ತಾಯಿಯನ್ನೂ ಹೊರಗಿನ ತಾಯಿಯನ್ನೂ ದಿನಬಿಟ್ಟು ದಿನ ಅದಲುಬದಲು. ಹೊಸ ತಾಯಿಯನ್ನು ಬಿಡುವ ಮೊದಲು ಅದರ ಗೂಡಿನ ಹಾಸನ್ನು ಮರಿಗಳ ಮೈಗೆ ಸವರಿದರೆ ಸಾಮಾನ್ಯವಾಗಿ ದೂರ ತಳ್ಳುವುದಿಲ್ಲ. ಇದರ ಜತೆಗೆ ಮೂರನೇ ಗುಂಪೊಂದನ್ನು ಮಾಮೂಲಿ ಗಾಳಿಯಲ್ಲೇ ಇಟ್ಟು, ಒಂದೇ ತಾಯಿಗೆ ಹೆಚ್ಚು ಮರಿ ಬಿಟ್ಟೆ. ಹಾಲು ಹಂಚಿಹೋಗಿ ಅವೂ ಬಡಕಲಾಗುತ್ತವೆ. ಈ ಬಡಕಲು ಮರಿಗಳಲ್ಲಿ ಕಾಣದೆ ಚೇಂಬರಿನ ಮರಿಗಳಲ್ಲಿ ಮಾತ್ರ ಕಂಡದ್ದನ್ನಷ್ಟೇ ಆಮ್ಲಜನಕದ ಲೆಕ್ಕಕ್ಕೆ ಬರೆದೆ. ಈ ಮೂರನೇ ಗುಂಪಿಲ್ಲದ ಲೇಖನ ಓದುವಾಗ ನನಗೆ ಈಗಲೂ ಅನುಮಾನ.

ಕೊನೆಯಲ್ಲಿ ಹೃದಯದ ತೂಕ. ಮೈಕ್ರೋಸ್ಕೋಪಿನಡಿ ಮೊದಲು ಮೇಲಿನ ಕೋಣೆಗಳನ್ನೂ ದೊಡ್ಡ ರಕ್ತನಾಳಗಳನ್ನೂ ತೆಗೆದು, ಬಲ ಹೃತ್ಕುಕ್ಷಿಯ, ಅಂದರೆ ಬಲಗಡೆಯ ಕೆಳಕೋಣೆಯ, ಹೊರಗೋಡೆಯನ್ನು ನಡುಗೋಡೆಯ ಅಂಚಿನಗುಂಟ ಸಣ್ಣ ಕತ್ತರಿಯಿಂದ ಬಿಡಿಸಬೇಕು. ತೆಳ್ಳಗೆ, ನಸುಗೆಂಪಗೆ, ಉಗುರಿಗಿಂತ ಚಿಕ್ಕ ತುಣುಕು. ಎಲ್ಲ ತುಣುಕುಗಳನ್ನೂ ಫಿಲ್ಟರ್ ಪೇಪರಿಗೆ ಒಂದೇ ಹದದಲ್ಲಿ ಒತ್ತಿ ತೂಗಬೇಕು, ಒಂದು ಹನಿ ನೀರು ಉಳಿದರೂ ಲೆಕ್ಕ ಕೆಡುತ್ತದೆ. ಬಲಗೋಡೆಯ ತೂಕವನ್ನು ಎಡ ಹೃತ್ಕುಕ್ಷಿ ಮತ್ತು ನಡುಗೋಡೆಯ ತೂಕದಿಂದ ಭಾಗಿಸಿದರೆ ಬಲಭಾಗ ಎಷ್ಟು ದಪ್ಪಗಾಗಿದೆ ಎಂದು ತೋರಿಸುವ ಫುಲ್ಟನ್ ಸೂಚ್ಯಂಕ. ಬೆಳೆದ ಇಲಿಯಲ್ಲಿ ಅದು ಹೆಚ್ಚುಕಡಿಮೆ 0.25. ಮರಿಗೆ ಆ ಅಳತೆಗೋಲು ಸಲ್ಲದು. ಹುಟ್ಟುವಾಗ ಬಲಭಾಗ ಹೇಗೂ ದಪ್ಪ, ದಿನ ಕಳೆದಂತೆ ಅನುಪಾತ ಇಳಿಯುತ್ತದೆ. ಹಾಗಾಗಿ ಹೋಲಿಕೆ ಅದೇ ವಯಸ್ಸಿನ ಮರಿಗಳ ಜತೆಗೇ ಆಗಬೇಕು.

ಇಲಿಯೊಂದನ್ನೇ ನಂಬಿದರೂ ಆಗದು. ಕರುಗಳದ್ದು ಇನ್ನೊಂದು ತೀವ್ರತೆ: 1987ರಲ್ಲಿ ಅಮೆರಿಕದ ಸ್ಟೆನ್‌ಮಾರ್ಕ್ ಮತ್ತವರ ಸಂಗಡಿಗರು ನವಜಾತ ಕರುಗಳನ್ನು 4300 ಮೀಟರಿಗೆ ಸಮನಾದ ಒತ್ತಡದಲ್ಲಿಟ್ಟಾಗ ನಾಳಗಳ ಹೊರಪದರವೇ ವಿಪರೀತ ದಪ್ಪಗಾಗಿತ್ತು. ಕೊಲರಾಡೋದ ಎತ್ತರದ ಹುಲ್ಲುಗಾವಲುಗಳಲ್ಲಿ ದನಗಳ ಹೃದಯದ ಬಲಭಾಗ ಸೋತು ಎದೆ, ಗಂಗೆದೊಗಲು ನೀರು ತುಂಬಿ ಊದುವ ಕಾಯಿಲೆಯನ್ನು 1915ರಲ್ಲೇ ಬರೆದಿಟ್ಟಿದ್ದಾರೆ. ಶಿರಸಿಯ ಮನೆಯಲ್ಲಿ ಇದನ್ನು ಹೇಳಿದಾಗ ಮಾವ ಕವಳದ ಹರಿವಾಣ ಬದಿಗಿಟ್ಟು, "ನಮ್ಮನೆ ದನಕ್ಕೂ ಹಂಗಾಗ್ತನ ಕೂಸೇ?" ಎಂದು ಗಾಬರಿಯಲ್ಲೇ ಕೇಳಿದರು. ಶಿರಸಿ ಇರುವುದು ಆರುನೂರು ಮೀಟರಿನ ಆಸುಪಾಸಿನಲ್ಲಿ, ಚಿಂತೆ ಬೇಡ ಎಂದೆ. ಯಾಕ್‌ಗಳಿಗೂ ಚಿಂತೆಯಿಲ್ಲ, ಅವುಗಳ ಶ್ವಾಸಕೋಶದ ನಾಳಗಳ ಗೋಡೆ ತೆಳು. ಆಂಡಿಸ್‌ನ ಲಾಮಾ ಮರಿಗಳು ನಾಳ ಸಡಿಲಿಸಲು ಮೈಯೊಳಗೇ ತಯಾರಾಗುವ ಅನಿಲಗಳಲ್ಲಿ ನೈಟ್ರಿಕ್ ಆಕ್ಸೈಡಿಗಿಂತ ಕಾರ್ಬನ್ ಮಾನಾಕ್ಸೈಡನ್ನು ಹೆಚ್ಚು ನೆಚ್ಚಿಕೊಂಡಿವೆ ಎಂದು ಚಿಲಿಯ ಸಂಶೋಧಕರು 2008ರಲ್ಲಿ ತೋರಿಸಿದರು. ಅದೇ ಎತ್ತರದ ಕುರಿಮರಿಗಳಿಗೆ ಆ ಅನುಕೂಲವಿಲ್ಲ.

ಇಲ್ಲಿನ ಮಕ್ಕಳ ಡಾಕ್ಟರರು ನನ್ನ ಫಲಿತಾಂಶ ಕೇಳುವುದುಂಟು. ಅವರ ಕೈಗೆ ಬರುವ ಶಿಶುಗಳು ಹೊಟ್ಟೆಯಲ್ಲೇ ಮಲ ಮಾಡಿ ಅದನ್ನು ಉಸಿರಿಗೆಳೆದುಕೊಂಡವು, ಸೋಂಕು ತಗುಲಿದವು. ನಾಳ ಬಿಗಿಯುವುದು ಅಲ್ಲೂ ಇದೆ, ಆದರೆ ದಾರಿ ಬೇರೆ. ಆ ಶಿಶುಗಳಿಗೆ ಹತ್ತಿರದ ಮಾದರಿ ಬೇಕಾದರೆ ಗರ್ಭದಲ್ಲೇ ಕುರಿಮರಿಯ ಡಕ್ಟಸ್ ನಾಳವನ್ನು (ಶ್ವಾಸಕೋಶದ ಧಮನಿಯನ್ನು ಮಹಾಧಮನಿಗೆ ಜೋಡಿಸುವ ನಾಳ) ಕಟ್ಟುವ ಶಸ್ತ್ರಚಿಕಿತ್ಸೆ ಕಲಿಯಬೇಕು. ಅದಕ್ಕೆ ಬೇಕಾದ ಆಪರೇಷನ್ ಥಿಯೇಟರ್ ನನ್ನಲ್ಲಿಲ್ಲ. ಸದ್ಯ ನಾನು ಮಾಡುತ್ತಿರುವುದು ಎರಡು ವಾರದ ನಂತರ ಮರಿಗಳನ್ನು ಮಾಮೂಲಿ ಗಾಳಿಗೆ ತಂದು ಬೆಳೆಸುವುದು. ದಪ್ಪಗಾದ ನಾಳಗಳು ಬಹುಮಟ್ಟಿಗೆ ಸರಿಹೋಗುತ್ತವೆ. ದೊಡ್ಡವಾದ ಮೇಲೆ ಅವುಗಳನ್ನೇ ಮತ್ತೆ ಶೇ. 12ಕ್ಕೆ ಇಟ್ಟು, ಮರಿಯಾಗಿದ್ದಾಗಿನ ಕೊರತೆ ಗುರುತು ಉಳಿಸಿದೆಯೇ ಎಂದು ಎಂದೂ ಚೇಂಬರ್ ಕಾಣದ ಇಲಿಗಳ ಪಕ್ಕದಲ್ಲಿ ಅಳೆಯಬೇಕು. ಅದಕ್ಕೆ ಮಳೆಗಾಲ ಮುಗಿಯಲೆಂದು ಕಾಯುತ್ತಿದ್ದೇನೆ.